ಗರ್ಭಕೋಶದ ಒಳಪದರದ ಕ್ಯಾನ್ಸರ್: ಯಾವ ಪರೀಕ್ಷೆ, ಯಾವ ಆಪರೇಷನ್, ಯಾರಿಗೆ?

ಈ ಕಾಯಿಲೆ ಅಂತ ಗೊತ್ತಾದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಆಪರೇಷನ್ ಬಗ್ಗೆ. ರೋಬೋಟ್‌ನಲ್ಲಿ ಮಾಡಿಸೋಣವೇ, ಸಣ್ಣ ತೂತುಗಳಿಂದ ಮಾಡುವ ಲ್ಯಾಪರೋಸ್ಕೋಪಿ ಸಾಕೇ, ಇಲ್ಲ ಹೊಟ್ಟೆ ಕೊಯ್ದೇ ಮಾಡಬೇಕೇ? ಕೇಳಬಾರದು ಅಂತಲ್ಲ. ಆದರೆ ಸರದಿಯಲ್ಲಿ ಅದು ತೀರಾ ಹಿಂದೆ ಬರುವ ಪ್ರಶ್ನೆ. ಅದಕ್ಕೂ ಮುಂಚೆ ಮೂರು ವಿಷಯ ಇತ್ಯರ್ಥವಾಗಬೇಕು. ಪರೀಕ್ಷೆಗೆ ತುಣುಕು ಹೇಗೆ ತೆಗೆದರು? ರಿಪೋರ್ಟ್‌ನಲ್ಲಿ ಯಾವ ಜಾತಿಯ ಕ್ಯಾನ್ಸರ್ ಅಂತ ಬರೆದಿದ್ದಾರೆ? ಸೋಂಕು ತಡೆಯುವ ಪುಟ್ಟ ಗಂಟುಗಳಾದ ಲಿಂಫ್ ಗ್ರಂಥಿಗಳನ್ನು ಏನು ಮಾಡುತ್ತಾರೆ? ಮುಂದಿನ ವರ್ಷಗಳ ಮೇಲೆ ಜಾಸ್ತಿ ಪರಿಣಾಮ ಬೀರುವುದು ಇವೇ. ಹೊಟ್ಟೆಯ ಮೇಲಿನ ಗಾಯ ಎಷ್ಟುದ್ದ ಎನ್ನುವುದು ಆಮೇಲಿನ ಮಾತು.

ಅದಕ್ಕೇ ಇಲ್ಲಿ ಆಯ್ಕೆಗಳನ್ನು ಅವು ಎದುರಾಗುವ ಕ್ರಮದಲ್ಲೇ ಹೋಲಿಸಿದ್ದೇನೆ. ಓದಿ ನೀವೇ ತೀರ್ಮಾನ ಮಾಡಿ ಅಂತ ಅಲ್ಲ. ಡಾಕ್ಟರ ಎದುರು ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿರಲಿ ಅಂತ.

ರಕ್ತ ಕಂಡಾಗ: ಮೊದಲು ಸ್ಕ್ಯಾನೋ, ಬಯಾಪ್ಸಿಯೋ?

ಗರ್ಭಕೋಶದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಶುರುವಾಗುವುದು ಅದರ ಒಳಪದರದಲ್ಲಿ. ಮುಟ್ಟಿನ ದಿನಗಳಲ್ಲಿ ಕಳಚಿ ಬೀಳುತ್ತಿತ್ತಲ್ಲ, ಅದೇ ಪದರ. ಈ ಕಾಯಿಲೆಯಲ್ಲಿ ಸಮಾಧಾನದ ಸಂಗತಿ ಅಂದರೆ ಅದು ಬೇಗ ಸುಳಿವು ಕೊಡುತ್ತದೆ. ಮುಟ್ಟು ನಿಂತ ಮೇಲೆ ಈ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ರಕ್ತ ಕಾಣಿಸಿಕೊಂಡಿರುತ್ತದೆ. ತಿರುಗಿಸಿ ನೋಡಿದರೆ ಲೆಕ್ಕ ಬೇರೆ. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಕ್ಯಾನ್ಸರ್ ಇರುವುದು ನೂರಕ್ಕೆ ಸುಮಾರು 9 ಮಂದಿಗೆ. ಉಳಿದವರಲ್ಲಿ ಪದರ ತೀರಾ ತೆಳುವಾಗಿರುವುದೋ, ಪಾಲಿಪ್ ಎಂಬ ಮೃದು ಗಂಟೋ, ಹಾರ್ಮೋನ್ ಮಾತ್ರೆಯೋ ಕಾರಣ. ಹಾಗಾಗಿ ಹೆದರಿ ಕುಗ್ಗಬೇಕಿಲ್ಲ, ಸುಮ್ನೆ ಬಿಡುವಂತೆಯೂ ಇಲ್ಲ. ಒಂದೇ ಸಲ ಬಂದು ನಿಂತ ಒಂದು ಹನಿ ರಕ್ತಕ್ಕೂ ಪರೀಕ್ಷೆ ಆಗಲೇಬೇಕು.

"ಹೋದ ವರ್ಷ ಪ್ಯಾಪ್ ಸ್ಮಿಯರ್ ಮಾಡಿಸಿದ್ದೆ, ಸರಿ ಇತ್ತು" ಎಂದು ನಿಶ್ಚಿಂತೆಯಿಂದ ಇರುವವರು ಬಹಳ. ಪ್ಯಾಪ್ ಸ್ಮಿಯರ್ ನೋಡುವುದು ಗರ್ಭಕೋಶದ ಬಾಯಿಯನ್ನು. ಒಳಪದರದ ಬಗ್ಗೆ ಅದು ಭರವಸೆ ಕೊಡುವುದಿಲ್ಲ.

ಮೊದಲ ಆಯ್ಕೆ ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್. ಅದರಲ್ಲಿ ಪದರದ ದಪ್ಪ ಅಳೆಯುತ್ತಾರೆ. ಮುಟ್ಟು ನಿಂತವರಲ್ಲಿ ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಲ್ಲಿಗೆ ನಿಲ್ಲಿಸಬಹುದು. ಚುಚ್ಚುವುದಿಲ್ಲ, ಅರಿವಳಿಕೆ ಇಲ್ಲ, ಹತ್ತು ನಿಮಿಷದ ಕೆಲಸ. ಅದಕ್ಕಿಂತ ದಪ್ಪ ಇದ್ದರೆ ತುಣುಕು ತೆಗೆದು ನೋಡಬೇಕು, ಅಂದರೆ ಬಯಾಪ್ಸಿ ಆಗಬೇಕು.

ಈ 4 ಮಿಲಿಮೀಟರ್ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಇನ್ನೂ ಮುಟ್ಟಾಗುತ್ತಿರುವವರಲ್ಲಿ ಪದರ ತಿಂಗಳುದ್ದಕ್ಕೂ ದಪ್ಪ ತೆಳು ಆಗುತ್ತಿರುತ್ತದೆ, ಹಾಗಾಗಿ ಅಳತೆಯಿಂದ ಏನೂ ತಿಳಿಯುವುದಿಲ್ಲ. ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಪದರ ಏನೂ ಇಲ್ಲದಿದ್ದರೂ ದಪ್ಪಗೆ ಕಾಣುತ್ತದೆ. ಫೈಬ್ರಾಯ್ಡ್ ಗಡ್ಡೆಗಳಿದ್ದರೆ ಪದರವೇ ಸರಿಯಾಗಿ ಕಾಣಿಸದೆ ಹೋಗಬಹುದು. ಕೆಲವು ಉಗ್ರ ಜಾತಿಯ ಕ್ಯಾನ್ಸರ್‌ಗಳು ತೆಳು ಪದರದಲ್ಲೂ ಹುಟ್ಟುತ್ತವೆ. ಇಂಥವರಿಗೆ ರಕ್ತಸ್ರಾವ ಇದ್ದರೆ ನೇರವಾಗಿ ಬಯಾಪ್ಸಿಗೆ ಹೋಗುವುದೇ ಸರಿ. ಇನ್ನೊಂದು ಸಂದರ್ಭ: ಸ್ಕ್ಯಾನ್‌ನಲ್ಲಿ 3 ಮಿಲಿಮೀಟರ್ ಬಂತು, ಎಲ್ಲರೂ ಖುಷಿಪಟ್ಟರು, ಎರಡು ತಿಂಗಳಿಗೆ ಮತ್ತೆ ರಕ್ತ ಕಂಡಿತು. ಆಗ ಹಳೇ ಸ್ಕ್ಯಾನ್ ತೋರಿಸಿ ಸಮಾಧಾನ ಹೇಳುವಂತಿಲ್ಲ, ತುಣುಕು ಬೇಕೇ ಬೇಕು.

ಇನ್ನೂ ಮುಟ್ಟಾಗುತ್ತಿರುವವರ ಕಥೆ ಸ್ವಲ್ಪ ಗೋಜಲು. ನಲವತ್ತರ ಆಸುಪಾಸಿನಲ್ಲಿ ಮುಟ್ಟು ಏರುಪೇರಾದರೆ "ವಯಸ್ಸಲ್ವಾ, ನಿಲ್ಲುವ ಕಾಲ" ಎಂದು ತಳ್ಳಿಹಾಕುತ್ತಾರೆ. ತೂಕ ಜಾಸ್ತಿ ಇರುವವರು, ಪಿಸಿಓಎಸ್‌ನಿಂದ ತಿಂಗಳುಗಟ್ಟಲೆ ಮುಟ್ಟಾಗದೆ ಇರುವವರು, ಸಕ್ಕರೆ ಕಾಯಿಲೆ ಇರುವವರು, ಹತ್ತಿರದ ರಕ್ತಸಂಬಂಧಿಗಳಲ್ಲಿ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಇರುವವರು ಈ ಮಾತಿಗೆ ತಲೆಯಾಡಿಸಿ ಬರಬಾರದು.

ತುಣುಕು ತೆಗೆಯುವ ಮೂರು ದಾರಿ

ಪೈಪೆಲ್, ಡಿ ಅಂಡ್ ಸಿ, ಹಿಸ್ಟರೋಸ್ಕೋಪಿ. ಬಹಳ ಜನರಿಗೆ ಇಲ್ಲಿ ಆಯ್ಕೆ ಇದೆ ಅಂತಲೇ ಗೊತ್ತಿರುವುದಿಲ್ಲ.

ಪೈಪೆಲ್ ಅಂದರೆ ಸುಮಾರು 3 ಮಿಲಿಮೀಟರ್ ದಪ್ಪದ, ಬಾಗುವ ಪ್ಲಾಸ್ಟಿಕ್ ಕೊಳವೆ. ಹೊರರೋಗಿ ಕೋಣೆಯಲ್ಲೇ, ಪ್ಯಾಪ್ ಸ್ಮಿಯರ್‌ಗೆ ಮಲಗುವ ಹಾಗೆಯೇ ಮಲಗಿದರೆ ಸಾಕು. ಡಾಕ್ಟರ್ ಕೊಳವೆಯನ್ನು ಗರ್ಭಕೋಶದ ಬಾಯಿಯಿಂದ ಒಳಗೆ ಸರಿಸಿ, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತಾರೆ. ಎಳೆದಾಗ ಒಳಗೆ ಹೀರುವ ಒತ್ತಡ ಹುಟ್ಟುತ್ತದೆ. ಕೊಳವೆಯನ್ನು ತಿರುಗಿಸುತ್ತಾ ಮೇಲೆ ಕೆಳಗೆ ಆಡಿಸಿದಾಗ ತುದಿಯ ಪುಟ್ಟ ತೂತಿನಿಂದ ಪದರದ ಚೂರುಗಳು ಒಳಗೆ ಬರುತ್ತವೆ. ಆ ಅರ್ಧ ನಿಮಿಷ ಕಿಬ್ಬೊಟ್ಟೆ ಮುಟ್ಟಿನ ನೋವಿಗಿಂತ ಜೋರಾಗಿ ಹಿಂಡುತ್ತದೆ. ನೋವಾಗುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಂಚೆಯೇ ನೋವಿನ ಮಾತ್ರೆ ಕೇಳಿ ತೆಗೆದುಕೊಳ್ಳಿ. ಆಮೇಲೆ ಸ್ವಲ್ಪ ಹೊತ್ತು ಕೂತು ಮನೆಗೆ ಹೋಗಬಹುದು.

ಮುಟ್ಟು ನಿಂತವರಲ್ಲಿ, ತುಣುಕು ಸಾಕಷ್ಟು ಸಿಕ್ಕಿದ್ದರೆ, ಪೈಪೆಲ್ ಕ್ಯಾನ್ಸರನ್ನು ತಪ್ಪಿಸಿಕೊಳ್ಳಲು ಬಿಡುವುದು ಅಪರೂಪ. ಇನ್ನೂ ಮುಟ್ಟಾಗುವವರಲ್ಲಿ ಸ್ವಲ್ಪ ಕಡಿಮೆ, ನೂರಕ್ಕೆ ಸುಮಾರು 91ರಷ್ಟು ಹಿಡಿಯುತ್ತದೆ. ಅದರ ದೌರ್ಬಲ್ಯ ಒಂದೇ. ಗಡ್ಡೆ ಪದರದ ತುಂಬ ಹರಡಿದ್ದರೆ ಸಿಗುತ್ತದೆ, ಒಂದು ಮೂಲೆಯಲ್ಲಿ ಕೂತಿದ್ದರೆ ಅಥವಾ ಪಾಲಿಪ್ಪಿನ ತುದಿಯಲ್ಲಿದ್ದರೆ ಕೊಳವೆ ಪಕ್ಕದಿಂದಲೇ ಹಾದುಹೋಗಬಹುದು.

ಡಿ ಅಂಡ್ ಸಿ ಹಳೆಯ ದಾರಿ. ಅರಿವಳಿಕೆ ಕೊಟ್ಟು, ಗರ್ಭಕೋಶದ ಬಾಯಿ ಹಿಗ್ಗಿಸಿ, ಒಳಗೆ ಕೆರೆದು ತೆಗೆಯುತ್ತಾರೆ. ತುಣುಕು ಜಾಸ್ತಿ ಸಿಗುತ್ತದೆ, ನಿಜ. ಆದರೆ ಇದೂ ಕಣ್ಣು ಮುಚ್ಚಿಕೊಂಡು ಪಾತ್ರೆಯ ತಳ ಕೆರೆದ ಹಾಗೆಯೇ. ಅರ್ಧಕ್ಕೂ ಹೆಚ್ಚು ಜನರಲ್ಲಿ ಕೆರೆದದ್ದು ಒಳಭಾಗದ ಅರ್ಧಕ್ಕಿಂತ ಕಡಿಮೆ ಎಂದು ಹಳೆಯ ಅಧ್ಯಯನಗಳೇ ತೋರಿಸಿವೆ. ಹಾಗಾಗಿ ಬರೀ ಡಿ ಅಂಡ್ ಸಿಗೆ ಅಂತ ಅರಿವಳಿಕೆ ತೆಗೆದುಕೊಳ್ಳುವುದರಲ್ಲಿ ಇವತ್ತು ನನಗೆ ಹೆಚ್ಚು ಅರ್ಥ ಕಾಣುವುದಿಲ್ಲ. ಅರಿವಳಿಕೆ ಹೇಗೂ ಕೊಡುತ್ತಾರೆ ಅಂದ ಮೇಲೆ ಕ್ಯಾಮೆರಾ ಹಾಕಿಯೇ ನೋಡಬಹುದಲ್ಲ?

ಆ ಕ್ಯಾಮೆರಾ ದಾರಿಯೇ ಹಿಸ್ಟರೋಸ್ಕೋಪಿ. ಸಣ್ಣ ದೂರ್ಬೀನು ಒಳಗೆ ಬಿಟ್ಟು, ಸಲೈನ್‌ನಿಂದ ಗರ್ಭಕೋಶವನ್ನು ಹಿಗ್ಗಿಸಿ, ಪರದೆಯ ಮೇಲೆ ನೋಡುತ್ತಾ ಅನುಮಾನ ಬಂದ ಜಾಗದಿಂದಲೇ ತುಣುಕು ತೆಗೆಯುತ್ತಾರೆ. ಪಾಲಿಪ್ ಇದ್ದರೆ ಆಗಲೇ ಬುಡಸಮೇತ ತೆಗೆಯಬಹುದು. ಸಣ್ಣ ದೂರ್ಬೀನು ಇದ್ದಲ್ಲಿ ಇದನ್ನೂ ಅರಿವಳಿಕೆ ಇಲ್ಲದೆ ಮಾಡುತ್ತಾರೆ. ಸಲೈನ್ ಜೊತೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಹೋಗುತ್ತವಲ್ಲ ಎಂಬ ಭಯ ಕೆಲವರಿಗಿದೆ. ಕೆಲವು ಕಣ ಹೋಗಬಹುದು, ಆದರೆ ಆರಂಭದ ಹಂತದ ಕಾಯಿಲೆಯಲ್ಲಿ ಅದರಿಂದ ಗುಣವಾಗುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದು ಕಂಡುಬಂದಿಲ್ಲ.

ಹಾಗಾದರೆ ಯಾವುದು? ಮುಟ್ಟು ನಿಂತವರಿಗೆ, ಸ್ಕ್ಯಾನ್‌ನಲ್ಲಿ ಪದರ ಎಲ್ಲ ಕಡೆ ಸಮನಾಗಿ ದಪ್ಪವಾಗಿದ್ದರೆ, ಪೈಪೆಲ್‌ನಿಂದ ಶುರುಮಾಡುವುದು ಒಳ್ಳೆಯದು. ಸ್ಕ್ಯಾನ್‌ನಲ್ಲಿ ಪಾಲಿಪ್ ಅಥವಾ ಒಂದೇ ಕಡೆ ಉಬ್ಬು ಕಂಡರೆ, ಪೈಪೆಲ್ ಒಳಗೆ ಹೋಗದಿದ್ದರೆ, ಅಥವಾ ಪೈಪೆಲ್ ಸರಿ ಇದ್ದೂ ರಕ್ತ ನಿಲ್ಲದಿದ್ದರೆ ಹಿಸ್ಟರೋಸ್ಕೋಪಿ.

ರಿಪೋರ್ಟ್‌ನಲ್ಲಿ "ತುಣುಕು ಸಾಲದು" ಎಂದು ಬಂದರೆ ಅದನ್ನು "ಕ್ಯಾನ್ಸರ್ ಇಲ್ಲ" ಎಂದು ಓದಿಕೊಳ್ಳಬಾರದು. ಎಡವಟ್ಟಾಗುವುದು ಜಾಸ್ತಿ ಇಲ್ಲೇ. ಪದರ ತೆಳುವಾಗಿದ್ದು ರಕ್ತ ನಿಂತಿದ್ದರೆ ಕಾದು ನೋಡಬಹುದು. ದಪ್ಪ ಪದರ ಇದ್ದು ತುಣುಕು ಸಾಲದಿದ್ದರೆ ಇನ್ನೊಮ್ಮೆ ತೆಗೆಯಲೇಬೇಕು.

ರಿಪೋರ್ಟ್‌ನಲ್ಲಿ ನೋಡಬೇಕಾದ್ದು

ಕ್ಯಾನ್ಸರ್ ಆಗದೆ, ಕೋಶಗಳು ಮಿತಿಮೀರಿ ಬೆಳೆದಿವೆ ಎಂಬ ರಿಪೋರ್ಟ್ ಬರಬಹುದು. ಅದನ್ನು ಹೈಪರ್‌ಪ್ಲೇಸಿಯಾ ಅನ್ನುತ್ತಾರೆ. ಅದರಲ್ಲಿ "ಅಟಿಪಿಯಾ", ಅಂದರೆ ಕೋಶಗಳ ರೂಪವೇ ಕೆಟ್ಟಿರುವುದು, ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಮುಂದಿನ ಇಪ್ಪತ್ತು ವರ್ಷದಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ, ಪ್ರೊಜೆಸ್ಟರಾನ್ ಬಗೆಯ ಔಷಧಿಯಿಂದ ಹೆಚ್ಚಿನವರಲ್ಲಿ ಹೋಗುತ್ತದೆ. ಇದ್ದರೆ ವಿಷಯವೇ ಬೇರೆ. 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಬಯಾಪ್ಸಿಯಲ್ಲಿ ಅಟಿಪಿಯಾ ಮಾತ್ರ ಎಂದು ಬಂದಿದ್ದ 289 ಮಹಿಳೆಯರ ಗರ್ಭಕೋಶ ತೆಗೆದು ನೋಡಿದಾಗ, ನೂರಕ್ಕೆ ಸುಮಾರು 43 ಮಂದಿಯಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಹಾಗಾಗಿ "ಇನ್ನೂ ಕ್ಯಾನ್ಸರ್ ಆಗಿಲ್ಲ" ಎಂಬ ಮಾತನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಕ್ಯಾನ್ಸರ್ ಅಂತ ಬಂದರೆ ಜಾತಿ ಮತ್ತು ಗ್ರೇಡ್ ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಕಾಣುವುದು ಎಂಡೋಮೆಟ್ರಿಯಾಯ್ಡ್. ಅದರಲ್ಲಿ ಗ್ರೇಡ್ 1 ಮತ್ತು 2 ನಿಧಾನದವು, 3 ಜೋರಿನದು. ಸೀರಸ್, ಕ್ಲಿಯರ್ ಸೆಲ್, ಕಾರ್ಸಿನೋಸಾರ್ಕೋಮ ಎಂಬವು ಅಪರೂಪ, ಆದರೆ ಉಗ್ರ. ಬಯಾಪ್ಸಿಯಲ್ಲಿ ಬಂದ ಗ್ರೇಡ್, ಪೂರ್ತಿ ಗರ್ಭಕೋಶ ಪರೀಕ್ಷಿಸಿದಾಗ ಕೆಲವೊಮ್ಮೆ ಮೇಲಕ್ಕೆ ಹೋಗುತ್ತದೆ ಎನ್ನುವುದೂ ನೆನಪಿರಲಿ.

2013ರಿಂದ ಈಚೆಗೆ ಇನ್ನೊಂದು ಲೆಕ್ಕ ಸೇರಿಕೊಂಡಿದೆ. ಆ ವರ್ಷ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯ ವಿಜ್ಞಾನಿಗಳು ಈ ಕ್ಯಾನ್ಸರನ್ನು ಜೀನ್‌ಗಳ ಆಧಾರದ ಮೇಲೆ ನಾಲ್ಕು ಗುಂಪು ಮಾಡಿದರು. ಪೋಲ್-ಇ ಜೀನ್ ಬದಲಾವಣೆ ಇರುವ ಗುಂಪು ಎಲ್ಲಕ್ಕಿಂತ ಚೆನ್ನಾಗಿ ಗುಣವಾಗುತ್ತದೆ, ನೋಡಲು ಗ್ರೇಡ್ 3 ಆಗಿದ್ದರೂ ಕೂಡ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಕೆಟ್ಟಿರುವ ಗುಂಪು ಎಲ್ಲಕ್ಕಿಂತ ಕಷ್ಟದ್ದು. ಡಿಎನ್‌ಎಯ ತಪ್ಪುಗಳನ್ನು ತಿದ್ದುವ ಎಂಎಂಆರ್ ಪ್ರೋಟೀನ್ ಇಲ್ಲದ ಗುಂಪು ಮತ್ತು ಯಾವ ವಿಶೇಷವೂ ಇಲ್ಲದ ಗುಂಪು ಇವೆರಡರ ನಡುವೆ ಬರುತ್ತವೆ. 2023ರಲ್ಲಿ ಫಿಗೋ ಎಂಬ ಅಂತರರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟ ಈ ಗುಂಪುಗಳನ್ನು ಸ್ಟೇಜಿನ ಲೆಕ್ಕಕ್ಕೇ ಸೇರಿಸಿತು. 2009ರ ಹಳೆಯ ಫಿಗೋ ಸ್ಟೇಜನ್ನೇ ಬಳಸುವವರೂ ಇದ್ದಾರೆ, ಹಾಗಾಗಿ ಎರಡು ಕಡೆ ತೋರಿಸಿದಾಗ ಸ್ಟೇಜ್ ಬೇರೆ ಬೇರೆ ಬಂದರೆ ಗಾಬರಿಯಾಗದೆ ಯಾವ ವರ್ಷದ ಲೆಕ್ಕ ಅಂತ ಕೇಳಿ.

ಎಂಎಂಆರ್ ಮತ್ತು ಪಿ53 ಪರೀಕ್ಷೆಗೆ ಮತ್ತೆ ತುಣುಕು ತೆಗೆಯಬೇಕಿಲ್ಲ. ಈಗಾಗಲೇ ತೆಗೆದ ತುಣುಕಿಗೆ ಬಣ್ಣ ಹಾಕಿ ನೋಡುತ್ತಾರೆ. ಎಂಎಂಆರ್ ಪರೀಕ್ಷೆ ಎಲ್ಲರಿಗೂ ಆಗಬೇಕು ಎಂಬುದು ನನ್ನ ಪಟ್ಟು. ಯಾಕೆಂದರೆ ನೂರರಲ್ಲಿ ಸುಮಾರು 3 ಮಂದಿಗೆ ಈ ಕ್ಯಾನ್ಸರ್ ಬರುವುದು ಲಿಂಚ್ ಸಿಂಡ್ರೋಮ್ ಎಂಬ ವಂಶದಲ್ಲಿ ಹರಿಯುವ ದೋಷದಿಂದ. ಎಂಎಂಆರ್ ಇಲ್ಲದಿರುವುದು ಅದರ ಸುಳಿವಾಗಿರಬಹುದು, ಮತ್ತು ಆ ದೋಷ ದೊಡ್ಡ ಕರುಳಿನ ಕ್ಯಾನ್ಸರ್‌ಗೂ ದಾರಿ. ಅದು ಗೊತ್ತಾದರೆ ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಕ್ಕಳು ಎಲ್ಲರೂ ದೊಡ್ಡ ಕರುಳಿನ ಪರೀಕ್ಷೆಯನ್ನು ಬೇಗ ಶುರುಮಾಡಬಹುದು. ಒಬ್ಬರ ರಿಪೋರ್ಟ್ ಇಡೀ ಮನೆಗೆ ಉಪಯೋಗಕ್ಕೆ ಬರುತ್ತದೆ.

ಆಪರೇಷನ್‌ಗೆ ಮುಂಚಿನ ಸ್ಕ್ಯಾನ್‌ಗಳ ವಿಷಯ ಚಿಕ್ಕದು. ಗಡ್ಡೆ ಗರ್ಭಕೋಶದ ಗೋಡೆಯೊಳಗೆ ಅರ್ಧಕ್ಕಿಂತ ಆಳ ಹೋಗಿದೆಯೇ, ಬಾಯಿಯವರೆಗೆ ಇಳಿದಿದೆಯೇ ಎಂಬುದಕ್ಕೆ ಎಂಆರ್‌ಐ. ಶ್ವಾಸಕೋಶ, ಲಿವರ್, ಹೊಟ್ಟೆಗೆ ಹರಡಿದೆಯೇ ಎಂಬುದಕ್ಕೆ ಸಿಟಿ. ಗ್ರೇಡ್ 1 ಇದ್ದು ಕಾಯಿಲೆ ಒಳಗೇ ಇರುವಂತೆ ತೋರಿದರೆ ಪೆಟ್ ಸ್ಕ್ಯಾನ್‌ಗೆ ಓಡಬೇಕಿಲ್ಲ.

ಹೊಟ್ಟೆ ಕೊಯ್ದು, ಲ್ಯಾಪರೋಸ್ಕೋಪಿ, ಇಲ್ಲವೇ ರೋಬೋಟ್

ಯಾವ ದಾರಿಯಲ್ಲಿ ಹೋದರೂ ಒಳಗೆ ಆಗುವ ಮುಖ್ಯ ಕೆಲಸ ಒಂದೇ. ಗರ್ಭಕೋಶವನ್ನು ಬಾಯಿಸಮೇತ, ಎರಡೂ ಅಂಡನಾಳ, ಎರಡೂ ಅಂಡಾಶಯಗಳ ಜೊತೆ ತೆಗೆಯುತ್ತಾರೆ. ಹೊಟ್ಟೆಯ ಒಳಗೆಲ್ಲ ಕಣ್ಣಾಡಿಸಿ, ಲಿಂಫ್ ಗ್ರಂಥಿಗಳನ್ನು ಪರೀಕ್ಷಿಸುತ್ತಾರೆ. ಸೀರಸ್‌ನಂಥ ಉಗ್ರ ಜಾತಿಯಾದರೆ ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರದಿಂದಲೂ ತುಣುಕು ತೆಗೆಯುತ್ತಾರೆ.

ಹೊಟ್ಟೆ ಕೊಯ್ಯುವುದಕ್ಕೂ ಲ್ಯಾಪರೋಸ್ಕೋಪಿಗೂ ನಡುವಿನ ಹೋಲಿಕೆಗೆ ಎರಡು ದೊಡ್ಡ ಅಧ್ಯಯನಗಳಿವೆ. ಅಮೆರಿಕದ ಲ್ಯಾಪ್-2 ಅಧ್ಯಯನದಲ್ಲಿ 2,616 ಮಹಿಳೆಯರಿದ್ದರು. ಐದು ವರ್ಷದ ನಂತರ ಎರಡೂ ಗುಂಪಿನಲ್ಲಿ ಬದುಕಿದ್ದವರ ಪ್ರಮಾಣ ನೂರಕ್ಕೆ 89.8. ಎರಡು ದಿನಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿ ಉಳಿಯಬೇಕಾದವರು ಹೊಟ್ಟೆ ಕೊಯ್ದವರಲ್ಲಿ ನೂರಕ್ಕೆ 94, ಲ್ಯಾಪರೋಸ್ಕೋಪಿಯವರಲ್ಲಿ 52. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್‌ಗಳಲ್ಲಿ 760 ಮಹಿಳೆಯರ ಮೇಲೆ ನಡೆದ ಲೇಸ್ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ನಾಲ್ಕೂವರೆ ವರ್ಷ ಕಾಯಿಲೆ ಮರಳದೆ ಇದ್ದವರು ಒಂದು ಗುಂಪಿನಲ್ಲಿ ನೂರಕ್ಕೆ 81.3, ಇನ್ನೊಂದರಲ್ಲಿ 81.6. ಕ್ಯಾನ್ಸರ್ ದೃಷ್ಟಿಯಿಂದ ಎರಡೂ ಸಮ. ಸುಧಾರಿಸಿಕೊಳ್ಳುವುದರಲ್ಲಿ, ಗಾಯದ ತೊಂದರೆಯಲ್ಲಿ ಲ್ಯಾಪರೋಸ್ಕೋಪಿ ಮೇಲು. ಕಾಯಿಲೆ ಗರ್ಭಕೋಶದೊಳಗೇ ಇದ್ದರೆ ಸಣ್ಣ ತೂತಿನ ದಾರಿಯೇ ಮೊದಲ ಆಯ್ಕೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. "ಲ್ಯಾಪರೋಸ್ಕೋಪಿಯಲ್ಲಿ ಮಾಡಿದರೆ ಕ್ಯಾನ್ಸರ್ ಮರಳುತ್ತದಂತೆ" ಎಂದು ಯಾರೋ ಹೇಳಿರುತ್ತಾರೆ. ಆ ಮಾತು ಬಂದಿದ್ದು 2018ರ ಲ್ಯಾಕ್ ಎಂಬ ಅಧ್ಯಯನದಿಂದ. ಅದು ಗರ್ಭಕೋಶದ ಬಾಯಿಯ ಕ್ಯಾನ್ಸರ್‌ನದು. ಅಲ್ಲಿ ಹೊಟ್ಟೆ ಕೊಯ್ದವರೇ ಚೆನ್ನಾಗಿದ್ದರು. ಆ ಕಾಯಿಲೆ ಬೇರೆ, ಆ ಆಪರೇಷನ್ ಬೇರೆ. ಹೆಸರಿನಲ್ಲಿ ಗರ್ಭಕೋಶ ಎರಡರಲ್ಲೂ ಇದೆ ಅಂತ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸಬಾರದು.

ಲ್ಯಾಪ್-2ರಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಜನ ಹೇಳುವುದು ಕಡಿಮೆ. ಲ್ಯಾಪರೋಸ್ಕೋಪಿಗೆ ಅಂತ ಶುರುಮಾಡಿದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಲೆಕ್ಕದಲ್ಲಿ ನೂರಕ್ಕೆ 25.8, ಮಧ್ಯದಲ್ಲಿ ಹೊಟ್ಟೆ ಕೊಯ್ಯಬೇಕಾಯಿತು. ತೂಕ ಜಾಸ್ತಿ ಇದ್ದಷ್ಟೂ ಅದರ ಸಾಧ್ಯತೆ ಜಾಸ್ತಿ. ಆ ಅಧ್ಯಯನದಲ್ಲಿ ಆಪರೇಷನ್‌ಗಳು ನಡೆದದ್ದು 1996ರಿಂದ 2005ರವರೆಗೆ. ಈಗ ಕೈ ಪಳಗಿದೆ, ಉಪಕರಣ ಸುಧಾರಿಸಿವೆ. ಆದರೂ ಆಪರೇಷನ್‌ಗೆ ಸಹಿ ಹಾಕುವಾಗ "ಬೇಕಾದರೆ ಹೊಟ್ಟೆ ಕೊಯ್ಯುತ್ತೇವೆ" ಎಂಬ ಸಾಲು ಇದ್ದೇ ಇರುತ್ತದೆ. ಮಧ್ಯದಲ್ಲಿ ದಾರಿ ಬದಲಿಸಿದ ಡಾಕ್ಟರನ್ನು ಸೋತವರು ಅಂತ ನೋಡಬೇಡಿ. ಹಟ ಹಿಡಿದು ಸಣ್ಣ ತೂತಿನಲ್ಲೇ ಮುಗಿಸುವವರಿಗಿಂತ ಅವರು ವಾಸಿ.

ರೋಬೋಟ್ ಬಳಕೆಗೆ ಬರುವುದು ಇಲ್ಲೇ. ಹೆಸರು ಕೇಳಿ ಯಂತ್ರವೇ ಆಪರೇಷನ್ ಮಾಡುತ್ತದೆ ಅಂದುಕೊಳ್ಳಬೇಡಿ. ಅದು ತಾನಾಗಿ ಏನೂ ಮಾಡುವುದಿಲ್ಲ. ಸರ್ಜನ್ ಅದೇ ಕೋಣೆಯಲ್ಲಿ ಕೂತು ಅದರ ತೋಳುಗಳನ್ನು ಆಡಿಸುತ್ತಾರೆ. ಉಪಕರಣದ ತುದಿ ಮಣಿಕಟ್ಟಿನ ಹಾಗೆ ತಿರುಗುತ್ತದೆ, ಚಿತ್ರ ಮೂರು ಆಯಾಮದಲ್ಲಿ ಕಾಣುತ್ತದೆ. ತೂಕ ತುಂಬಾ ಜಾಸ್ತಿ ಇರುವವರಲ್ಲಿ ಇದರಿಂದ ನಿಜವಾದ ಅನುಕೂಲ ಇದೆ. ದಪ್ಪ ಹೊಟ್ಟೆಯ ಗೋಡೆಯ ಮೂಲಕ ಉದ್ದನೆಯ ಕಡ್ಡಿಗಳನ್ನು ಗಂಟೆಗಟ್ಟಲೆ ಒತ್ತಿ ಹಿಡಿಯುವ ಕಷ್ಟ ಇಲ್ಲ. ಹಾಗಾಗಿ ಅರ್ಧದಲ್ಲಿ ಹೊಟ್ಟೆ ಕೊಯ್ಯುವ ಪ್ರಸಂಗ ಕಡಿಮೆಯಾಗುತ್ತದೆ. ತೂಕ ಸಾಧಾರಣ ಇರುವವರಿಗೆ, ಪಳಗಿದ ಲ್ಯಾಪರೋಸ್ಕೋಪಿ ಸರ್ಜನ್ ಸಿಕ್ಕಿದ್ದರೆ, ರೋಬೋಟ್‌ಗಾಗಿ ಜಾಸ್ತಿ ದುಡ್ಡು ಕೊಡುವುದರಿಂದ ಆಯಸ್ಸು ಜಾಸ್ತಿಯಾಗುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಯಂತ್ರಕ್ಕಿಂತ, ಈ ಆಪರೇಷನ್ನನ್ನು ಪದೇ ಪದೇ ಮಾಡುವ ಸ್ತ್ರೀ ಕ್ಯಾನ್ಸರ್ ಸರ್ಜನ್ ಇದ್ದಾರೆಯೇ ಎಂದು ಮೊದಲು ಕೇಳುವುದು ಮೇಲು.

ಹಾಗಂತ ಹೊಟ್ಟೆ ಕೊಯ್ಯುವ ದಾರಿ ಮುಗಿದ ಕಥೆಯಲ್ಲ. ಕ್ಯಾನ್ಸರ್ ಇರುವ ಗರ್ಭಕೋಶವನ್ನು ಒಳಗೆ ತುಂಡು ಮಾಡಿ ತೆಗೆಯುವಂತಿಲ್ಲ, ಕಣಗಳು ಹೊಟ್ಟೆ ತುಂಬ ಹರಡುತ್ತವೆ. ಇಡಿಯಾಗಿ ಯೋನಿಯ ಮೂಲಕವೇ ಹೊರಗೆ ಬರಬೇಕು. ಫೈಬ್ರಾಯ್ಡ್‌ಗಳಿಂದ ದೊಡ್ಡದಾದ ಗರ್ಭಕೋಶ ಆ ದಾರಿಯಲ್ಲಿ ಬರದಿದ್ದರೆ ಹೊಟ್ಟೆಯ ಮೇಲೆ ಸೀಳು ಮಾಡಲೇಬೇಕು. ಕಾಯಿಲೆ ಹೊಟ್ಟೆಯೊಳಗೆಲ್ಲ ಹರಡಿದ್ದರೆ, ಹಿಂದಿನ ಆಪರೇಷನ್‌ಗಳಿಂದ ಕರುಳು ಅಂಟಿಕೊಂಡಿದ್ದರೆ ಅದೇ ಕ್ಷೇಮ. ಲ್ಯಾಪರೋಸ್ಕೋಪಿಗೂ ರೋಬೋಟ್‌ಗೂ ತಲೆ ಕೆಳಗೆ, ಕಾಲು ಮೇಲೆ ಇರುವಂತೆ ಮೇಜನ್ನು ವಾಲಿಸಿ, ಹೊಟ್ಟೆಗೆ ಗಾಳಿ ತುಂಬುತ್ತಾರೆ. ಹೃದಯ, ಶ್ವಾಸಕೋಶ ಅದನ್ನು ತಡೆಯುತ್ತವೆಯೇ ಎಂದು ಅರಿವಳಿಕೆ ಡಾಕ್ಟರೇ ಹೇಳಬೇಕು. ತೀರಾ ಬಲಹೀನರಾದವರಿಗೆ ಯೋನಿಯ ಮೂಲಕವೇ ಗರ್ಭಕೋಶ ತೆಗೆಯುವುದೂ ಒಂದು ದಾರಿ. ಆದರೆ ಅದರಲ್ಲಿ ಹೊಟ್ಟೆಯೊಳಗೆ ನೋಡಲಾಗುವುದಿಲ್ಲ.

ಲಿಂಫ್ ಗ್ರಂಥಿ: ಪೂರ್ತಿ ತೆಗೆಯುವುದೋ, ಕಾವಲು ಗ್ರಂಥಿ ಸಾಕೋ?

ನನ್ನ ಪ್ರಕಾರ ಆಪರೇಷನ್ ಬಗ್ಗೆ ಕೇಳಬೇಕಾದ ದೊಡ್ಡ ಪ್ರಶ್ನೆ ಇದು. ಕ್ಯಾನ್ಸರ್ ಹರಡುವಾಗ ಸೊಂಟದ ಒಳಗಿನ ಮತ್ತು ಬೆನ್ನುಮೂಳೆಯ ಮುಂದಿನ ದೊಡ್ಡ ರಕ್ತನಾಳಗಳ ಪಕ್ಕದ ಗ್ರಂಥಿಗಳಿಗೆ ಮೊದಲು ಹೋಗುತ್ತದೆ. ಹಿಂದೆ ಇವನ್ನೆಲ್ಲ ತೆಗೆದುಬಿಡುತ್ತಿದ್ದರು. ತೆಗೆದರೆ ಒಳ್ಳೆಯದೇ ಅಲ್ವಾ ಅನ್ನಿಸುವುದು ಸಹಜ. ಆದರೆ ಆರಂಭದ ಹಂತದವರಲ್ಲಿ ಎರಡು ದೊಡ್ಡ ಅಧ್ಯಯನಗಳು ಬೇರೆಯದನ್ನೇ ತೋರಿಸಿದವು. 2008ರ ಇಟಲಿಯ ಅಧ್ಯಯನದಲ್ಲಿ 514 ಮಹಿಳೆಯರು, 2009ರ ಆ್ಯಸ್ಟೆಕ್ ಅಧ್ಯಯನದಲ್ಲಿ 1,408 ಮಹಿಳೆಯರು. ಸೊಂಟದ ಗ್ರಂಥಿಗಳನ್ನೆಲ್ಲ ತೆಗೆದವರು ತೆಗೆಯದವರಿಗಿಂತ ಜಾಸ್ತಿ ಬದುಕಲಿಲ್ಲ. ಕಾಲು ಊದಿಕೊಳ್ಳುವ ತೊಂದರೆ ಮಾತ್ರ ಜಾಸ್ತಿಯಾಯಿತು.

ಈ ಕಾಲಿನ ಊತವನ್ನು ಸಣ್ಣದು ಅಂದುಕೊಳ್ಳಬೇಡಿ. ಬೆಳಗ್ಗೆ ಸರಿ ಇದ್ದ ಕಾಲು ಸಂಜೆಯ ಹೊತ್ತಿಗೆ ಕಂಬದಂತಾಗುತ್ತದೆ, ಚಪ್ಪಲಿ ಹಿಡಿಯುವುದಿಲ್ಲ, ಚರ್ಮಕ್ಕೆ ಸಣ್ಣ ಗಾಯವಾದರೂ ಸೋಂಕು ತಗಲುತ್ತದೆ. ಒಮ್ಮೆ ಬಂದರೆ ಪೂರ್ತಿ ಹೋಗುವುದು ಕಷ್ಟ.

ಹಾಗಂತ ಗ್ರಂಥಿಗಳನ್ನು ನೋಡದೇ ಬಿಟ್ಟರೆ ಕಾಯಿಲೆ ಹರಡಿದ್ದು ಗೊತ್ತಾಗುವುದಿಲ್ಲ. ಇವೆರಡರ ನಡುವಿನ ದಾರಿ ಸೆಂಟಿನೆಲ್ ಗ್ರಂಥಿ, ಅಂದರೆ ಕಾವಲು ಗ್ರಂಥಿ. ಆಪರೇಷನ್ ಶುರುವಾಗುವಾಗ ಗರ್ಭಕೋಶದ ಬಾಯಿಗೆ ಐಸಿಜಿ ಎಂಬ ಬಣ್ಣ ಚುಚ್ಚುತ್ತಾರೆ. ಬರಿಗಣ್ಣಿಗೆ ವಿಶೇಷ ಏನೂ ಕಾಣುವುದಿಲ್ಲ. ಕ್ಯಾಮೆರಾವನ್ನು ಅವಕೆಂಪು ಬೆಳಕಿಗೆ ಬದಲಿಸಿದ ಕೂಡಲೇ ಪರದೆಯ ಮೇಲೆ ಸಣ್ಣ ಹಸಿರು ಗೆರೆಗಳು ಎರಡೂ ಬದಿಗೆ ಹರಿದು, ಒಂದೊಂದು ಗ್ರಂಥಿಯಲ್ಲಿ ಹೋಗಿ ತುಂಬಿಕೊಳ್ಳುತ್ತವೆ. ಕ್ಯಾನ್ಸರ್ ಹೋಗಿದ್ದರೆ ಮೊದಲು ಹೋಗಬೇಕಾದದ್ದು ಅಲ್ಲಿಗೇ. ಆ ಗ್ರಂಥಿಗಳನ್ನು ಮಾತ್ರ ತೆಗೆದು, ತೆಳ್ಳಗೆ ಹೆಚ್ಚಿ ಕೂಲಂಕಷವಾಗಿ ಪರೀಕ್ಷಿಸುತ್ತಾರೆ. 2017ರ ಫೈರ್ಸ್ ಅಧ್ಯಯನದಲ್ಲಿ ಬಣ್ಣ ಸರಿಯಾಗಿ ಹರಿದವರಲ್ಲಿ ಈ ದಾರಿ, ಹರಡಿದ್ದ ಕಾಯಿಲೆಯನ್ನು ನೂರಕ್ಕೆ 97ರಷ್ಟು ಹಿಡಿಯಿತು. ಕಾವಲು ಗ್ರಂಥಿಯಲ್ಲಿ ಇಲ್ಲ ಅಂತ ಬಂದರೆ ಆ ಮಾತು ನೂರಕ್ಕೆ 99.6ರಷ್ಟು ನಿಜವಾಗಿತ್ತು.

ಕೆಲವರಲ್ಲಿ ಬಣ್ಣ ಒಂದು ಬದಿಗೆ ಹರಿಯುವುದೇ ಇಲ್ಲ. ಆಗ ಏನು ಮಾಡುತ್ತೀರಿ ಎಂದು ಮುಂಚೆಯೇ ಕೇಳಿ. ನಿಯಮದಂತೆ ಆ ಬದಿಯ ಗ್ರಂಥಿಗಳನ್ನಷ್ಟೇ ಪೂರ್ತಿ ತೆಗೆಯಬೇಕು. ಗ್ರೇಡ್ 1 ಇದ್ದು, ಗಡ್ಡೆ ಚಿಕ್ಕದಿದ್ದು, ಗೋಡೆಯೊಳಗೆ ಇಳಿಯದೇ ಇದ್ದರೆ ಕೆಲವು ಸರ್ಜನ್‌ಗಳು ಆ ಬದಿಯನ್ನು ಹಾಗೇ ಬಿಡುತ್ತಾರೆ. ಸಂಶಯದಿಂದ ಊದಿರುವ ಗ್ರಂಥಿ ಕಂಡರೆ ಬಣ್ಣ ಹರಿದಿರಲಿ, ಹರಿಯದಿರಲಿ, ತೆಗೆಯಲೇಬೇಕು.

ಆಸ್ಪತ್ರೆ ಆರಿಸುವಾಗ ರೋಬೋಟ್ ಇದೆಯೇ ಎಂಬುದಕ್ಕಿಂತ ಕಾವಲು ಗ್ರಂಥಿಯ ಸೌಲಭ್ಯ ಇದೆಯೇ ಎಂದು ನಾನಾದರೆ ಮೊದಲು ನೋಡುತ್ತೇನೆ. ಸಾಧಾರಣ ಲ್ಯಾಪರೋಸ್ಕೋಪಿಯಲ್ಲೂ ಸರಿಯಾದ ಕ್ಯಾಮೆರಾ ಇದ್ದರೆ ಇದು ಆಗುತ್ತದೆ.

ಅಂಡಾಶಯ ಉಳಿಸಬಹುದೇ? ಗರ್ಭಕೋಶವನ್ನೇ ಉಳಿಸಬಹುದೇ?

ಮುಟ್ಟು ನಿಂತವರಲ್ಲಿ ಅಂಡಾಶಯ ತೆಗೆಯುವುದರ ಬಗ್ಗೆ ಚರ್ಚೆ ಇಲ್ಲ. ವಯಸ್ಸು ನಲವತ್ತೈದರ ಒಳಗಿದ್ದು, ಗ್ರೇಡ್ 1, ಗೋಡೆಯೊಳಗೆ ಹೆಚ್ಚು ಇಳಿದಿಲ್ಲ, ಅಂಡಾಶಯ ನೋಡಲು ಚೆನ್ನಾಗಿದೆ ಅಂದರೆ ಉಳಿಸುವ ಮಾತು ಎತ್ತಬಹುದು. ಲಿಂಚ್ ಸಿಂಡ್ರೋಮ್ ಅಥವಾ ವಂಶದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೆ ಬೇಡ. ಅಂಡಾಶಯ ಉಳಿಸಿದರೂ ಅಂಡನಾಳಗಳನ್ನು ತೆಗೆಯುತ್ತಾರೆ.

ಮಗು ಬೇಕು ಎನ್ನುವವರ ಆಯ್ಕೆ ಇನ್ನೂ ಸೂಕ್ಷ್ಮ. ಎಂಡೋಮೆಟ್ರಿಯಾಯ್ಡ್ ಜಾತಿ, ಗ್ರೇಡ್ 1, ಎಂಆರ್‌ಐನಲ್ಲಿ ಗೋಡೆಯೊಳಗೆ ಒಂಚೂರೂ ಇಳಿದಿಲ್ಲ, ಬೇರೆಲ್ಲೂ ಹರಡಿಲ್ಲ. ಇಷ್ಟೂ ಒಟ್ಟಿಗೆ ಇದ್ದರೆ ಮಾತ್ರ ಗರ್ಭಕೋಶ ಉಳಿಸಿ ಪ್ರೊಜೆಸ್ಟರಾನ್ ಬಗೆಯ ಮಾತ್ರೆ, ಇಲ್ಲವೇ ಅದೇ ಹಾರ್ಮೋನ್ ಬಿಡುವ ಕಾಪರ್-ಟಿ ಆಕಾರದ ಸಾಧನ, ಇಲ್ಲವೇ ಎರಡೂ ಕೊಡುತ್ತಾರೆ. ಸುಮಾರು ಮುಕ್ಕಾಲು ಪಾಲು ಮಂದಿಯಲ್ಲಿ ಕಾಯಿಲೆ ಹಿಮ್ಮೆಟ್ಟುತ್ತದೆ. ಅವರಲ್ಲಿ ಹತ್ತರಲ್ಲಿ ನಾಲ್ವರಿಗೆ ಮತ್ತೆ ಬರುತ್ತದೆ. ಹಾಗಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಬಯಾಪ್ಸಿ ತಪ್ಪಿಸುವಂತಿಲ್ಲ. ಕಾಯಿಲೆ ಹೋಯಿತು ಅಂದ ಕೂಡಲೇ ಗರ್ಭಧಾರಣೆಗೆ ತಡಮಾಡದೆ ಪ್ರಯತ್ನಿಸಬೇಕು, ಬೇಕಾದರೆ ಐವಿಎಫ್ ಸಹಾಯದಿಂದ. ಹೆರಿಗೆಯೆಲ್ಲ ಮುಗಿದ ಮೇಲೆ ಗರ್ಭಕೋಶ ತೆಗೆಸುವುದು ಒಪ್ಪಂದದ ಭಾಗ. ಇದನ್ನು ಆಪರೇಷನ್‌ಗೆ ಬದಲಿ ಅಂದುಕೊಂಡರೆ ಮೋಸ ಹೋಗುತ್ತೀರಿ. ಇದು ಆಪರೇಷನ್ನನ್ನು ಮುಂದೂಡುವ ದಾರಿ, ಅಷ್ಟೇ.

ಆಪರೇಷನ್ ಆದ ಮೇಲೆ

ಅಂತಿಮ ರಿಪೋರ್ಟ್ ಬಂದ ಮೇಲೆಯೇ ಮುಂದಿನ ಚಿಕಿತ್ಸೆ ತೀರ್ಮಾನ. ಗ್ರೇಡ್ 1 ಅಥವಾ 2, ಗೋಡೆಯಲ್ಲಿ ಅರ್ಧಕ್ಕಿಂತ ಕಡಿಮೆ ಆಳ, ಗ್ರಂಥಿಗಳಲ್ಲಿ ಇಲ್ಲ ಅಂದರೆ ಹೆಚ್ಚಿನವರಿಗೆ ಇನ್ನೇನೂ ಬೇಡ. ಅದರ ಮೇಲಿನ ಮಧ್ಯಮ ಅಪಾಯದವರಿಗೆ ಎರಡು ಬಗೆಯ ರೇಡಿಯೇಷನ್ ನಡುವೆ ಆಯ್ಕೆ ಬರುತ್ತದೆ. ಒಂದು, ಇಡೀ ಸೊಂಟದ ಭಾಗಕ್ಕೆ ಹೊರಗಿನಿಂದ ಕೊಡುವುದು. ಇನ್ನೊಂದು, ಯೋನಿಯ ಮೇಲ್ಭಾಗಕ್ಕೆ ಮಾತ್ರ ಒಳಗಿನಿಂದ ಕೊಡುವ ಬ್ರೇಕಿಥೆರಪಿ. 2010ರಲ್ಲಿ ಪ್ರಕಟವಾದ ಪೋರ್ಟೆಕ್-2 ಅಧ್ಯಯನದಲ್ಲಿ 427 ಮಹಿಳೆಯರನ್ನು ಹೋಲಿಸಿದಾಗ ಯೋನಿಯಲ್ಲಿ ಕಾಯಿಲೆ ಮರಳಿದ್ದು ಎರಡರಲ್ಲೂ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಭೇದಿಯಂಥ ಹೊಟ್ಟೆಯ ತೊಂದರೆ ಒಳಗಿನಿಂದ ಕೊಟ್ಟವರಲ್ಲಿ ಎಷ್ಟೋ ಕಡಿಮೆ. ಆ ಗುಂಪಿನವರಿಗೆ ಬ್ರೇಕಿಥೆರಪಿಯೇ ಸಾಕು. ಗ್ರಂಥಿಗೆ ಹರಡಿದವರಿಗೆ, ಸೀರಸ್ ಅಥವಾ ಪಿ53 ಗುಂಪಿನವರಿಗೆ ಕೀಮೋಥೆರಪಿಯ ಮಾತು ಬರುತ್ತದೆ. ಕಾಯಿಲೆ ತೀರಾ ಮುಂದುವರಿದವರಿಗೆ ಕೀಮೋ ಜೊತೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೊಥೆರಪಿ ಸೇರಿಸಿದರೆ ಲಾಭ ಎಂದು 2023ರಲ್ಲಿ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ಎಂಎಂಆರ್ ಇಲ್ಲದ ಗುಂಪಿನವರಲ್ಲಿ ಆ ಲಾಭ ಎಲ್ಲಕ್ಕಿಂತ ಜಾಸ್ತಿ.

ಫೈಬ್ರಾಯ್ಡ್ ಅಂತಲೋ ರಕ್ತಸ್ರಾವ ಅಂತಲೋ ಗರ್ಭಕೋಶ ತೆಗೆಸಿ, ಆಮೇಲೆ ಲ್ಯಾಬ್‌ನಿಂದ ಕ್ಯಾನ್ಸರ್ ಎಂಬ ರಿಪೋರ್ಟ್ ಬಂದವರೂ ಇದ್ದಾರೆ. ಅವರು ತಕ್ಷಣ ಎರಡನೇ ಆಪರೇಷನ್‌ಗೆ ಒಪ್ಪಿಕೊಳ್ಳುವ ಮುಂಚೆ ಸ್ಲೈಡ್‌ಗಳನ್ನು ಇನ್ನೊಬ್ಬ ಪ್ಯಾಥಾಲಜಿಸ್ಟ್‌ಗೆ ತೋರಿಸಲಿ. ಗ್ರೇಡ್ 1, ಆಳ ಕಡಿಮೆ ಅಂದರೆ ಸ್ಕ್ಯಾನ್ ಮಾಡಿಸಿ ಸುಮ್ನೆ ಗಮನಿಸುವುದೇ ಸಾಕಾಗಬಹುದು. ಗ್ರೇಡ್ 3 ಅಥವಾ ಸೀರಸ್ ಅಂದರೆ ಮತ್ತೆ ಒಳಗೆ ನೋಡುವುದಕ್ಕೆ ಅರ್ಥವಿದೆ.

ಮರಳಿ ಬರುವವರಲ್ಲಿ ಹೆಚ್ಚಿನವರಿಗೆ ಬರುವುದು ಮೊದಲ ಮೂರು ವರ್ಷಗಳ ಒಳಗೆ. ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಲಕ್ಷಣ ಇಲ್ಲದವರಿಗೆ ಪ್ರತಿ ಸಲ ಸ್ಕ್ಯಾನ್ ಬೇಕಿಲ್ಲ. ಯೋನಿಯಿಂದ ಮತ್ತೆ ರಕ್ತ, ಬಿಡದ ಸೊಂಟನೋವು, ಕಾರಣವಿಲ್ಲದ ಕೆಮ್ಮು, ಒಂದು ಕಾಲು ಮಾತ್ರ ಊದಿಕೊಳ್ಳುವುದು, ಇವು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ ತೋರಿಸಿ. ಹೋಗುವಾಗ ಬಯಾಪ್ಸಿ ರಿಪೋರ್ಟ್, ಅಂತಿಮ ರಿಪೋರ್ಟ್, ಆಪರೇಷನ್ ಟಿಪ್ಪಣಿ ಮೂರರ ಪ್ರತಿಯೂ ಕೈಯಲ್ಲಿರಲಿ.